ಆಂಧ್ರದಲ್ಲಿ 4,000, ನಮ್ಮಲ್ಲಿ 1,200: ಪಾವಗಡದ ಕಡೆಯಿಂದ ಪಿಂಚಣಿ ಲೆಕ್ಕ

"ಆಂಧ್ರದಲ್ಲಿ ವಯಸ್ಸಾದವರಿಗೆ ತಿಂಗಳಿಗೆ 4,000 ಕೊಡ್ತಾರಂತೆ, ನಿಮ್ಮಲ್ಲಿ 1,200. ನೀವು ಗಡಿಯಲ್ಲೇ ಇದ್ದೀರಲ್ಲ, ಅಜ್ಜ ಅಜ್ಜಿ ವಿಳಾಸ ಆ ಕಡೆಗೆ ಬದಲಾಯಿಸಿದರೆ ಆಗಲ್ವಾ?" ಅಂತ ಕೇಳಿದ್ದೀರಿ. ಬೆಂಗಳೂರಿನವರು ಇದನ್ನು ಕೇಳುವುದು ಹೊಸದೇನಲ್ಲ. ನಮ್ಮೂರಿನ ಕಟ್ಟೆ ಮೇಲೂ ಇದೇ ಮಾತು. ಸುಮ್ನೆ ವಿಳಾಸ ಬದಲಾಯಿಸಿದರೆ ಆಗಲ್ಲ, ಅದೊಂದು. ಬದಲಾಯಿಸಿದರೂ ಎಲ್ಲರಿಗೂ ಲಾಭ ಆಗಲ್ಲ, ಅದು ಇನ್ನೊಂದು. ಈ ಎರಡನೆಯದನ್ನು ಯಾರೂ ಕೂತು ಲೆಕ್ಕ ಹಾಕುವುದಿಲ್ಲ.

ಮೊದಲು ಊರಿನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ಪಾವಗಡ ತುಮಕೂರು ಜಿಲ್ಲೆಯ ತಾಲ್ಲೂಕು, ಆದರೆ ಮೂರು ಕಡೆ ಆಂಧ್ರ. ಮಧುಗಿರಿಯಿಂದ ಇಲ್ಲಿಗೆ ಬರುವ ರಸ್ತೆ ಕೂಡ ನಡುವೆ ಸ್ವಲ್ಪ ದೂರ ಆಂಧ್ರದೊಳಗೇ ಹಾದು ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕೆಲವು ಮನೆಗಳಲ್ಲಿ ಅದು ಉಲ್ಟಾ. ಹೆಣ್ಣು ಕೊಡುವುದು ತರುವುದು ಮಡಕಶಿರಾ, ಹಿಂದೂಪುರ, ಕಲ್ಯಾಣದುರ್ಗದ ಕಡೆಗೆ ಮೊದಲಿನಿಂದಲೂ ಇದೆ. ಹಾಗಾಗಿ ಅಕ್ಕ ಆ ಕಡೆ, ತಂಗಿ ಈ ಕಡೆ ಇರುವ ಮನೆಗಳು ಬೇಕಾದಷ್ಟು. ಅಕ್ಕನಿಗೆ ಒಂದನೇ ತಾರೀಕು ಗ್ರಾಮ ಸಚಿವಾಲಯದವರು (ಅಲ್ಲಿ ಹಳ್ಳಿಗಳಲ್ಲಿರುವ ಸರ್ಕಾರಿ ಕಚೇರಿಯವರು) ಮನೆ ಬಾಗಿಲಿಗೆ ಬಂದು, ಬೆರಳು ಒತ್ತಿಸಿಕೊಂಡು, 4,000 ಎಣಿಸಿ ಕೈಗೆ ಕೊಟ್ಟು ಹೋಗುತ್ತಾರೆ. ತಂಗಿ ಮಾತ್ರ ದುಡ್ಡು ಬಿತ್ತಾ ಇಲ್ವಾ ಅಂತ ನೋಡಲು ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಬೇಕು. ಹಬ್ಬಕ್ಕೆ ಇಬ್ಬರೂ ಸೇರಿದರೆ ಮಾತು ಪಿಂಚಣಿ ಕಡೆಗೆ ಹೋಗದೆ ಇರಲ್ಲ.

ಆಂಧ್ರದ ಮೊತ್ತ ಒಂದೇ ಸಲಕ್ಕೆ ಇಷ್ಟಾಗಿದ್ದಲ್ಲ. 2014ರವರೆಗೆ ಅಲ್ಲೂ 200 ರೂಪಾಯಿಯೇ. ಆ ವರ್ಷ ಅಕ್ಟೋಬರಿನಲ್ಲಿ 1,000 ಆಯಿತು, 2019ರ ಜನವರಿಯಲ್ಲಿ 2,000. ಆಮೇಲೆ ಸರ್ಕಾರ ಬದಲಾಯಿತು, 2,250 ಆಗಿ ಹಂತ ಹಂತವಾಗಿ 2024ರ ಜನವರಿಗೆ 3,000 ಮುಟ್ಟಿತು. ಅದೇ ವರ್ಷ ಮತ್ತೆ ಸರ್ಕಾರ ಬದಲಾಯಿತು, ಜುಲೈನಿಂದ 4,000. ಅಂದರೆ ಅಲ್ಲಿ ಪಿಂಚಣಿ ಚುನಾವಣೆಯ ಮುಖ್ಯ ವಿಷಯ. ನಮ್ಮಲ್ಲಿ ಹಾಗಲ್ಲ. ಇಲ್ಲಿ ಸಂಧ್ಯಾ ಸುರಕ್ಷಾ, ಅಂದರೆ 65 ತುಂಬಿದವರ ಪಿಂಚಣಿ, 1,000 ಇದ್ದದ್ದು 2021ರಲ್ಲಿ 1,200 ಆಯಿತು, ಆದರೆ ಅದು ಅಲ್ಲಿಯಷ್ಟು ದೊಡ್ಡ ಚುನಾವಣೆ ವಿಷಯ ಆಗಲಿಲ್ಲ. ಇನ್ನು ಕೇಂದ್ರದ ಪಾಲು ಕೇಳಲೇಬೇಡಿ. 1995ರ ಆಗಸ್ಟ್ 15ಕ್ಕೆ 75 ರೂಪಾಯಿಯಿಂದ ಶುರುವಾದ ಯೋಜನೆ ಅದು. ಆಮೇಲೆ 200 ಆಗಿದ್ದು ಅಲ್ಲೇ ಕೂತುಬಿಟ್ಟಿದೆ. 80 ದಾಟಿದವರಿಗೆ 500. ಅದರ ಮೇಲಿನದನ್ನೆಲ್ಲ ಆಯಾ ರಾಜ್ಯ ತನ್ನ ಕೈಯಿಂದ ಹಾಕುವುದರಿಂದಲೇ ಒಂದು ರಸ್ತೆಯ ಎರಡು ಬದಿಗೆ ಎರಡು ಮೊತ್ತ.

ಈಗ ಯಾರಿಗೆ ಸಿಗುತ್ತದೆ ಅನ್ನುವ ವಿಚಾರ. ಕರ್ನಾಟಕದಲ್ಲಿ 60 ತುಂಬಿದ ಬಿಪಿಎಲ್ ಮನೆಯವರಿಗೆ ಇಂದಿರಾಗಾಂಧಿ ಹೆಸರಿನ ವೃದ್ಧಾಪ್ಯ ವೇತನ ಇದೆ, ಆದರೆ 65 ಆಗುವವರೆಗೆ ಮೊತ್ತ ಕಡಿಮೆ. 65 ತುಂಬಿದ ಸಣ್ಣ ರೈತರು, ಕೂಲಿಯವರು, ನೇಕಾರರು, ಮೀನುಗಾರರು, ಅಸಂಘಟಿತ ಕೆಲಸದವರಿಗೆ ಸಂಧ್ಯಾ ಸುರಕ್ಷಾ, ಇದು 2007ರಲ್ಲಿ ಬಂದದ್ದು. ಆದಾಯ ವರ್ಷಕ್ಕೆ 32,000 ದಾಟಬಾರದು. ವಿಧವಾ ವೇತನವೋ ಅಂಗವಿಕಲ ವೇತನವೋ ಆಗಲೇ ಬರುತ್ತಿದ್ದರೆ ಇದು ಸಿಗಲ್ಲ, ಯಾವುದಾದರೂ ಒಂದೇ. ಅರ್ಜಿ ನಾಡಕಚೇರಿಯಲ್ಲಿ ಕೊಡಬೇಕು. ವಿಎ, ಅಂದರೆ ಗ್ರಾಮ ಲೆಕ್ಕಿಗರು, ಬಂದು ವಿಚಾರಿಸಿ ವರದಿ ಹಾಕುತ್ತಾರೆ, ಈಗ ಅವರನ್ನು ಗ್ರಾಮ ಆಡಳಿತಾಧಿಕಾರಿ ಅನ್ನಬೇಕಂತೆ, ಜನ ಮಾತ್ರ ವಿಎ ಅಂತಲೇ ಕರೆಯುವುದು. ಆಮೇಲೆ ತಹಶೀಲ್ದಾರ್ ಕಚೇರಿಯಿಂದ ಮಂಜೂರಾತಿ.

ಆ ಕಡೆ ವಯಸ್ಸು 60. ಬುಡಕಟ್ಟಿನವರಿಗೆ, ನೇಕಾರರಿಗೆ, ಮೀನುಗಾರರಿಗೆ 50ಕ್ಕೇ ಸಿಗುತ್ತದೆ. ಹಳ್ಳಿಯಲ್ಲಿ ಮನೆಯ ಆದಾಯ ತಿಂಗಳಿಗೆ 10,000 ದಾಟಬಾರದು. ಇಲ್ಲಿ ಸ್ವಲ್ಪ ನಿಂತು ನೋಡಿ: ಅವರದು ತಿಂಗಳಿಗೆ 10,000, ನಮ್ಮದು ವರ್ಷಕ್ಕೆ 32,000. ಅದು ಬಿಟ್ಟರೆ ಜಮೀನು ನೀರಾವರಿ ಆದರೆ 3 ಎಕರೆ, ಖುಷ್ಕಿ ಆದರೆ 10 ಎಕರೆಯೊಳಗೆ ಇರಬೇಕು, ಮನೆಯಲ್ಲಿ ಸರ್ಕಾರಿ ನೌಕರ ಇರಬಾರದು, ಆದಾಯ ತೆರಿಗೆ ಕಟ್ಟುವವರು ಇರಬಾರದು, ಕಾರು ಇರಬಾರದು (ಟ್ಯಾಕ್ಸಿ, ಆಟೊ, ಟ್ರ್ಯಾಕ್ಟರ್ ಪರವಾಗಿಲ್ಲ), ಕರೆಂಟು ತಿಂಗಳಿಗೆ 300 ಯೂನಿಟ್ ದಾಟಬಾರದು. ಮತ್ತೆ ಒಂದು ಮನೆಗೆ ಸಾಮಾನ್ಯವಾಗಿ ಒಂದೇ ಪಿಂಚಣಿ.

ಆ ಕೊನೆಯ ಸಾಲಿನಲ್ಲೇ ಇರುವುದು ಎಲ್ಲ. ಕಟ್ಟೆ ಮೇಲೆ ಕೂತು 4,000 ಮತ್ತು 1,200 ಅಂತ ಹೋಲಿಸುವವರು ಇದನ್ನು ಬಿಟ್ಟುಬಿಡುತ್ತಾರೆ.

ನಮ್ಮ ಕಡೆ ಗಂಡ ಹೆಂಡತಿ ಇಬ್ಬರೂ 65 ದಾಟಿದ್ದು, ಇಬ್ಬರೂ ಅರ್ಹರಾಗಿದ್ದರೆ ಇಬ್ಬರಿಗೂ ಬೇರೆ ಬೇರೆ ಬರುತ್ತದೆ. ಅಲ್ಲಿಗೆ 2,400. ರೇಷನ್ ಕಾರ್ಡಿನಲ್ಲಿ ಯಜಮಾನಿ ಅಜ್ಜಿಯೇ ಆಗಿದ್ದರೆ 2023ರ ಆಗಸ್ಟಿನಿಂದ ಗೃಹಲಕ್ಷ್ಮಿ 2,000 ಬೇರೆ ಇದೆ, ಅದು ಪಿಂಚಣಿ ಅಲ್ಲದ್ದರಿಂದ ಇದಕ್ಕೆ ಅಡ್ಡಿ ಬರಲ್ಲ. ಒಟ್ಟು 4,400. ಆ ಕಡೆ ಅದೇ ಜೋಡಿಗೆ ಒಂದೇ ಪಿಂಚಣಿ, 4,000. ಹಾಗಾದರೆ ಇಬ್ಬರೂ ಇರುವ ಮನೆಯವರು ಗಡಿ ದಾಟಿ ಮಾಡುವುದಾದರೂ ಏನು? ಗೃಹಲಕ್ಷ್ಮಿ ದುಡ್ಡು ತಡವಾಗಿ ಬರುತ್ತದೆ, ಎರಡು ಮೂರು ತಿಂಗಳದ್ದು ಒಟ್ಟಿಗೆ ಬೀಳುತ್ತದೆ, ಅದು ನಿಜ. ಒಂದನೇ ತಾರೀಕೇ ಕೈಗೆ ಬರುವ ದುಡ್ಡಿಗೂ ಯಾವಾಗಲೋ ಬರುವ ದುಡ್ಡಿಗೂ ವ್ಯತ್ಯಾಸ ಇದೆ, ಅದನ್ನು ನಾನು ಒಪ್ಪುತ್ತೇನೆ.

ನಿಜವಾಗಿ ಸೋಲುವವರು ಬೇರೆ. ಹೆಂಡತಿ ತೀರಿಕೊಂಡು ಒಬ್ಬನೇ ಇರುವ ಮುದುಕ. ಅವನಿಗೆ ಇಲ್ಲಿ 1,200 ಅಷ್ಟೇ, ಗೃಹಲಕ್ಷ್ಮಿ ಇಲ್ಲ, ಬಸ್ಸು ಕೂಡ ಫ್ರೀ ಇಲ್ಲ. ಇನ್ನೊಬ್ಬರು, ಮಗ ಸೊಸೆ ಜೊತೆ ಒಂದೇ ಕಾರ್ಡಿನಲ್ಲಿ ಇದ್ದು, ಕಾರ್ಡಿನಲ್ಲಿ ಸೊಸೆ ಯಜಮಾನಿ ಆಗಿರುವ ಅತ್ತೆ. ಗೃಹಲಕ್ಷ್ಮಿ ಬಂದ ಹೊಸದರಲ್ಲಿ ಯಾರ ಹೆಸರು ಮೇಲೆ ಇರಬೇಕು ಅಂತ ಎಷ್ಟು ಮನೆಗಳಲ್ಲಿ ಮಾತು ನಿಂತಿತು ಅಂತ ನಮ್ಮ ಕಡೆ ಯಾರನ್ನು ಬೇಕಾದರೂ ಕೇಳಿ. ಆ ಜಗಳ ಬರೀ 2,000ಕ್ಕೆ ಅಲ್ಲ. ಕಾರ್ಡು ಬೇರೆ ಆದರೆ ಆದಾಯ ಬೇರೆ, ಮಗನ ಬೆಂಗಳೂರಿನ ಸಂಬಳ ಅಪ್ಪ ಅಮ್ಮನ ಲೆಕ್ಕಕ್ಕೆ ಬರಲ್ಲ, ಅವರ ಪಿಂಚಣಿಗೂ ತೊಂದರೆ ಇಲ್ಲ. ಕಾರ್ಡು ಒಂದೇ ಆಗಿದ್ದು ಮಗ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡರೆ ಬಿಪಿಎಲ್ ಹೋಗಬಹುದು, ಅದರ ಹಿಂದೆ ಅಪ್ಪನ ಪಿಂಚಣಿಯೂ ಹೋಗಬಹುದು. ನೀವು ಹೊರಗಿನಿಂದ ನೋಡಿ "ಮಗ ಅಪ್ಪ ಅಮ್ಮನನ್ನ ಬೇರೆ ಹಾಕಿದ್ದಾನೆ" ಅಂತ ಬೇಜಾರು ಮಾಡಿಕೊಳ್ಳುತ್ತೀರಿ. ಎಷ್ಟೋ ಸಲ ಬೇರೆ ಆಗಿರುವುದು ಕಾರ್ಡು ಮಾತ್ರ, ಒಲೆ ಒಂದೇ.

32,000ದ ಮಿತಿ ಬಗ್ಗೆ ನನಗೆ ಸಿಟ್ಟಿದೆ, ಹೇಳಿಬಿಡುತ್ತೇನೆ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ನೂರು ದಿನ ಪೂರ್ತಿ ಕೆಲಸ ಮಾಡಿದರೆ 37,000 ಆಗುತ್ತಿತ್ತು. ಅಂದರೆ ಸರ್ಕಾರವೇ ಕೊಡುವ ಕೂಲಿಯನ್ನು ಪೂರ್ತಿ ದುಡಿದ ಮುದುಕ ಸರ್ಕಾರದ ಇನ್ನೊಂದು ಲೆಕ್ಕದಲ್ಲಿ ಶ್ರೀಮಂತ! ಬಿಪಿಎಲ್ ಕಾರ್ಡಿಗೆ ಮನೆಯ ಆದಾಯದ ಮಿತಿ 1.2 ಲಕ್ಷ, ಪಿಂಚಣಿಗೆ 32,000, ಎರಡೂ ಬಡತನದ ಲೆಕ್ಕವೇ. ನಮ್ಮ ತಿರುಮಣಿ, ವಳ್ಳೂರು ಕಡೆ ಇನ್ನೊಂದು ತಮಾಷೆ ಇದೆ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆಯಲ್ಲ, ಆ ಜಮೀನು ಕೊಂಡದ್ದಲ್ಲ, ರೈತರಿಂದ ಗುತ್ತಿಗೆಗೆ ತಗೊಂಡದ್ದು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000, ಎರಡು ವರ್ಷಕ್ಕೊಮ್ಮೆ ಶೇಕಡ 5 ಜಾಸ್ತಿ. ಮಳೆ ಇಲ್ಲದ ನಮ್ಮ ನೆಲಕ್ಕೆ ಅದು ಒಳ್ಳೆ ದುಡ್ಡು, ಸುಳ್ಳು ಹೇಳಲ್ಲ. ಆದರೆ ಎರಡು ಎಕರೆ ಕೊಟ್ಟ ಮುದುಕನಿಗೆ ಮೊದಲ ವರ್ಷವೇ 42,000. ಅದೇ ಎರಡು ಎಕರೆಯಲ್ಲಿ ಕಡಲೆಕಾಯಿ ಹಾಕಿ, ಮಳೆ ಕೈಕೊಟ್ಟು ಬೀಜದ ದುಡ್ಡೂ ಬರದೆ ಇದ್ದಾಗ ಅವನು ಪಿಂಚಣಿಗೆ ಅರ್ಹ. ಗುತ್ತಿಗೆ ದುಡ್ಡು ಬ್ಯಾಂಕಿಗೆ ಬರುವುದರಿಂದ ಮುಚ್ಚಿಡಲು ಆಗಲ್ಲ, ನಷ್ಟಕ್ಕೆ ಮಾತ್ರ ಯಾವ ರಸೀದಿಯೂ ಇಲ್ಲ.

ವಯಸ್ಸಿನ ಕತೆ ಬೇರೆಯೇ. ಇಲ್ಲಿನ ಹಳಬರಲ್ಲಿ ಬಹಳ ಜನರ ಆಧಾರಿನಲ್ಲಿ ಜನವರಿ 1 ಅಂತ ಇರುತ್ತದೆ. ಕಾರ್ಡು ಮಾಡಿಸುವಾಗ "ಎಷ್ಟಾಯ್ತಜ್ಜ?" ಅಂತ ಕೇಳಿದರು, ಅಜ್ಜ "ಬರೆದುಕೋ ಒಂದು ಐವತ್ತು" ಅಂದರು, ಮುಗಿಯಿತು. ಅವತ್ತು ಅದು ಯಾರಿಗೂ ದೊಡ್ಡದು ಅನ್ನಿಸಲಿಲ್ಲ. ಈಗ ಎಲ್ಲರೂ ಹಲ್ಲಿಲ್ಲದ, ಬೆನ್ನು ಬಾಗಿದ ಅವರನ್ನು ನೋಡುತ್ತಾರೆ, ಕಂಪ್ಯೂಟರ್ ಮಾತ್ರ 62 ಅನ್ನುತ್ತದೆ. ಆಧಾರಿನಲ್ಲಿ ಹುಟ್ಟಿದ ದಿನ ಸಾಮಾನ್ಯವಾಗಿ ಒಂದೇ ಸಲ ತಿದ್ದಬಹುದು, ಅದಕ್ಕೂ ದಾಖಲೆ ಬೇಕು, ಶಾಲೆಗೇ ಹೋಗದವರು ಟಿಸಿ ಎಲ್ಲಿಂದ ತರುವುದು? ಜೊತೆಗೆ ನಮ್ಮ ನೀರಿನಲ್ಲಿ ಫ್ಲೋರೈಡ್ ಇದೆ. ಐವತ್ತಕ್ಕೇ ಮಂಡಿ ಹಿಡಿದು ಕೂತವರಿಗೆ 65 ಅನ್ನುವ ಗೆರೆ ತುಂಬಾ ದೂರ.

ಗಡಿಯವರಿಗೆ ಮಾತ್ರ ಇರುವ ತೊಂದರೆ ಹೆಸರಿನದು. ಆಂಧ್ರದ ಕಡೆ ಮನೆತನದ ಹೆಸರು ಮುಂದೆ ಬಂದು ಆಮೇಲೆ ಸ್ವಂತ ಹೆಸರು. ನಮ್ಮ ಕಡೆ ಬರೀ ಹನುಮಕ್ಕ, ಗಂಗಮ್ಮ. ಆ ಕಡೆಯಿಂದ ಮದುವೆಯಾಗಿ ಬಂದ ಹೆಣ್ಣುಮಗಳ ಹೆಸರು ಒಂದು ಕಾಗದದಲ್ಲಿ ಹಾಗೆ, ಇನ್ನೊಂದರಲ್ಲಿ ಹೀಗೆ ಇರುತ್ತದೆ. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ ಮೂರರಲ್ಲೂ ಒಂದೇ ತರ ಇಲ್ಲದಿದ್ದರೆ ಪಿಂಚಣಿ ಮಂಜೂರಾದರೂ ದುಡ್ಡು ಖಾತೆಗೆ ಹೋಗದೆ ಇರಬಹುದು. ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಮೊದಲೇ ನೋಡಿಕೊಳ್ಳಬೇಕು. ಎರಡು ಖಾತೆ ಇದ್ದರೆ ಆಧಾರಿಗೆ ಕೊನೆಗೆ ಯಾವುದು ಜೋಡಣೆ ಆಗಿದೆಯೋ ಅದಕ್ಕೆ ದುಡ್ಡು ಹೋಗುತ್ತದೆ, ಅಜ್ಜಿ ಹಳೆ ಪಾಸ್‌ಬುಕ್ ಹಿಡಿದು "ಸರ್ಕಾರ ನಿಲ್ಲಿಸಿಬಿಟ್ಟಿತು" ಅಂತ ಅಳುತ್ತಿರುತ್ತಾರೆ. ನಿಂತಿದೆ ಅನ್ನುವ ದೂರುಗಳಲ್ಲಿ ಇಂಥವು ತುಂಬಾ ಇರುತ್ತವೆ.

ಇನ್ನು ನಿಮ್ಮ ವಿಳಾಸದ ಪ್ರಶ್ನೆಗೆ ಬರುತ್ತೇನೆ. ಆಧಾರಿನ ವಿಳಾಸ ಬದಲಾಯಿಸುವುದು ಏನೂ ಕಷ್ಟ ಅಲ್ಲ. ಆದರೆ ಅಷ್ಟಕ್ಕೇ ಆ ಕಡೆ ಪಿಂಚಣಿ ಬರಲ್ಲ. ಅಲ್ಲಿನ ಸಚಿವಾಲಯದ ಲೆಕ್ಕದಲ್ಲಿ ಯಾವುದಾದರೂ ಮನೆಗೆ ಸೇರಬೇಕು, ಅಲ್ಲಿನ ಅಕ್ಕಿ ಕಾರ್ಡು (ಅವರ ರೇಷನ್ ಕಾರ್ಡು) ಬೇಕು, ಅದಕ್ಕೆ ಇಲ್ಲಿನ ಕಾರ್ಡಿನಿಂದ ಹೆಸರು ತೆಗೆಸಬೇಕು. ತೆಗೆಸಿದ ತಕ್ಷಣ ಇಲ್ಲಿನ ಅಕ್ಕಿ ಹೋಯಿತು, ಗೃಹಲಕ್ಷ್ಮಿ ಹೋಯಿತು, ಸಂಧ್ಯಾ ಸುರಕ್ಷಾ ಹೋಯಿತು. ಅಲ್ಲಿ ತಮ್ಮನ ಮನೆಗೋ ಮಗಳ ಮನೆಗೋ ಸೇರಿದರೆ ಆ ಮನೆಯಲ್ಲಿ ಆಗಲೇ ಒಬ್ಬರಿಗೆ ಪಿಂಚಣಿ ಬರುತ್ತಿದ್ದರೆ ಮತ್ತೆ ಸೊನ್ನೆ. ಎರಡೂ ಕಡೆ ಇಟ್ಟುಕೊಳ್ಳೋಣ ಅಂದರೆ ಆಧಾರ್ ನಂಬರ್ ಒಂದೇ, ಇವತ್ತಲ್ಲ ನಾಳೆ ಸಿಕ್ಕಿಬೀಳುವುದು ಖಂಡಿತ. ಮಗಳ ಮನೆಯಲ್ಲೇ ಉಳಿಯಲು ನಿಜವಾಗಿ ಹೋದವರ ವಿಷಯ ಬೇರೆ, ಅವರು ಧಾರಾಳವಾಗಿ ಅಲ್ಲಿ ಅರ್ಜಿ ಹಾಕಲಿ. ಮಡಕಶಿರಾ, ರಾಯದುರ್ಗದ ಕಡೆ ಕನ್ನಡ ಮಾತಾಡುವವರೂ ಆಂಧ್ರದ ಪಿಂಚಣಿಯನ್ನೇ ತಗೊಳ್ಳುತ್ತಾರೆ, ಅಲ್ಲಿ ಯಾರೂ ಭಾಷೆ ಕೇಳಲ್ಲ.

ನಿಮ್ಮ ದೊಡ್ಡಮ್ಮ ಬಗ್ಗೆ ಬರೆದಿದ್ದಿರಲ್ಲ, 67 ವರ್ಷ, ಒಬ್ಬರೇ ಇದ್ದಾರೆ, ಕಾರ್ಡು ಅವರ ಹೆಸರಲ್ಲೇ ಇದೆ ಅಂತ. ಅವರಿಗೆ ಇಲ್ಲಿ 1,200 ಮತ್ತು 2,000 ಸೇರಿ 3,200 ಬರಬೇಕು. ವಿಧವಾ ವೇತನ 800 ಮಾತ್ರ ಬರುತ್ತಿದೆ ಅಂತ ಬರೆದಿದ್ದೀರಿ, ಹಾಗಾದರೆ ಮೊದಲು ನಾಡಕಚೇರಿಗೆ ಹೋಗಿ ಅದನ್ನು ಬಿಟ್ಟು ಸಂಧ್ಯಾ ಸುರಕ್ಷಾಕ್ಕೆ ಬದಲಾಯಿಸಿಕೊಳ್ಳಲು ಆಗುತ್ತದಾ ಅಂತ ಕೇಳಿ, ಹೊಸದು ಮಂಜೂರಾಗುವವರೆಗೆ ಹಳೆಯದನ್ನು ನಿಲ್ಲಿಸಬೇಡಿ ಅಂತಲೂ ಹೇಳಿ. ಗೃಹಲಕ್ಷ್ಮಿಗೆ ಅರ್ಜಿ ಹಾಕಿದ್ದಾರಾ ಅಂತಲೂ ನೋಡಿ, ಒಂಟಿ ಹೆಂಗಸರಲ್ಲಿ ಹಾಕದೆ ಬಿಟ್ಟವರು ಇದ್ದಾರೆ. ಹೋಗುವಾಗ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್, ಎರಡು ಫೋಟೋ ಇಟ್ಟುಕೊಳ್ಳಿ, ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಬೇಡಿ. ದೊಡ್ಡಮ್ಮನನ್ನೂ ಕರೆದುಕೊಂಡೇ ಹೋಗಿ, ಬೆರಳಚ್ಚು ಕೇಳಿದರೆ ಮತ್ತೆ ಓಡಾಡುವುದು ತಪ್ಪುತ್ತದೆ.