ಮೂವತ್ತಮೂರನೇ ವಚನ ಎಲ್ಲಿ ಹೋಯ್ತು?

ಪ್ರಿಯ ಮಿತ್ರರೇ,

ಗೋಪುರ ಕಟ್ಟುವವನ ಸಾಮತಿಯ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯ ಬಗ್ಗೆ ನೀವು ಬರೆದ ಲೇಖನ ನಮ್ಮ ಪತ್ರಿಕೆಗೆ ಬಂದಿದೆ. ತೀರ್ಥಹಳ್ಳಿ ದಾರಿಯ ಅರ್ಧ ಕಟ್ಟಿದ ಮನೆ, ಮಳೆಗೆ ತುಕ್ಕು ಹಿಡಿದ ಕಂಬಿ, ಪಾಚಿಗಟ್ಟಿದ ಕಂಬ ಇವೆಲ್ಲ ಚೆನ್ನಾಗಿ ಬಂದಿವೆ. ಆದರೆ ಓದಿ ಮುಗಿಸಿದಾಗ ನನಗೆ ಸಿಟ್ಟು ಬಂತು. ಯಾಕೆ ಅಂತ ಹೇಳುತ್ತೇನೆ.

'ಯೇಸುಸ್ವಾಮಿ ಇಲ್ಲಿ ಉಳಿತಾಯದ ಪಾಠ ಹೇಳಿದ್ದಾರೆ' ಎಂದು ಶುರು ಮಾಡಿದ್ದೀರಿ. ಯಾರಿಗೆ ಹೇಳಿದರು? ಬೈಬಲಿನಲ್ಲಿ ಲೂಕನ ಶುಭಸಂದೇಶ, 14ನೇ ಅಧ್ಯಾಯ, 25ನೇ ವಚನ ನೋಡಿ. ದೊಡ್ಡ ಜನಸಮೂಹ ಹಿಂದೆ ಬರುತ್ತಿತ್ತು. ಯೇಸು ತಿರುಗಿ ನಿಂತು ಮಾತಾಡಿದರು. ತಂದೆತಾಯಿ, ಹೆಂಡತಿ ಮಕ್ಕಳು, ಸ್ವಂತ ಪ್ರಾಣ, ಇವೆಲ್ಲಕ್ಕಿಂತ ನಾನೇ ಹೆಚ್ಚು ಅನ್ನದವನು ನನ್ನ ಶಿಷ್ಯನಾಗಲಾರ ಅನ್ನುವ ಅರ್ಥದ ಕಟುವಾದ ಮಾತು. ಆಮೇಲೆ ತನ್ನ ಶಿಲುಬೆ ಹೊತ್ತು ಬರಬೇಕೆಂಬ ಮಾತು. ಅದರ ಬೆನ್ನಿಗೇ ಗೋಪುರ ಬರುತ್ತದೆ: ಗೋಪುರ ಕಟ್ಟಬೇಕೆನ್ನುವವನು ಮೊದಲು ಕೂತು, ಮುಗಿಸಲು ತನ್ನ ಹಣ ಸಾಕೇ ಎಂದು ಲೆಕ್ಕ ಹಾಕುವುದಿಲ್ಲವೇ? ಹಿಂದೆ ಬರುತ್ತಿದ್ದವರನ್ನು ತಡೆದು ನಿಲ್ಲಿಸಿ ಕೇಳಿದ ಪ್ರಶ್ನೆ ಅದು. ಇದರಲ್ಲಿ ಉಳಿತಾಯ ಎಲ್ಲಿದೆ?

'ಅಡಿಪಾಯ ಅಂದರೆ ನಂಬಿಕೆ, ಇಟ್ಟಿಗೆ ಅಂದರೆ ಪ್ರಾರ್ಥನೆ, ಸಿಮೆಂಟು ಅಂದರೆ ಪ್ರೀತಿ.' ಇಟ್ಟಿಗೆ, ಸಿಮೆಂಟು ಎರಡೂ ನೀವು ತಂದದ್ದು. ಲೂಕನಲ್ಲಿ ಇರುವುದು ಅಡಿಪಾಯ ಮಾತ್ರ. ಅದನ್ನು ಹಾಕಿ ಅಲ್ಲಿಗೇ ನಿಂತುಬಿಟ್ಟ ಅಂತಲೇ ಜನ ನಗುತ್ತಾರೆ. ಕಥೆಯಲ್ಲಿ ನಾಚಿಕೆಯ ಗುರುತಾಗಿರುವುದನ್ನೇ ನೀವು ನಂಬಿಕೆ ಎಂದು ಹೊಗಳಿದ್ದೀರಿ, ಅಲ್ವಾ? ಬಿತ್ತುವವನ ಸಾಮತಿಯನ್ನು, ಬೀಜ ಅಂದರೆ ದೇವರ ಮಾತು ಎಂಬಂತೆ, ಯೇಸುವೇ ಬಿಡಿಬಿಡಿಯಾಗಿ ವಿವರಿಸಿದ್ದಾರೆ, ನಿಜ. ಹಾಗಂತ ಎಲ್ಲ ಸಾಮತಿಗೂ ಅದೇ ಕೀಲಿ ಹಾಕಿದರೆ ತೆರೆಯುವುದಿಲ್ಲ.

'ಆದ್ದರಿಂದ ಯೋಜನೆ ಮಾಡಿ ಬದುಕೋಣ' ಎಂದು 30ನೇ ವಚನಕ್ಕೇ ನಿಲ್ಲಿಸಿದ್ದೀರಿ. ಹತ್ತು ಸಾವಿರ ಜನರನ್ನು ಇಟ್ಟುಕೊಂಡು ಇಪ್ಪತ್ತು ಸಾವಿರದವನನ್ನು ಎದುರಿಸಬಹುದೇ ಎಂದು ಯೋಚಿಸುವ ರಾಜ 31ನೇ ವಚನದಲ್ಲಿದ್ದಾನೆ, ನಿಮ್ಮ ಲೇಖನದಲ್ಲಿ ಬರಲೇ ಇಲ್ಲ. 33ನೇ ವಚನವೂ ಇಲ್ಲ. ತನಗಿರುವುದನ್ನೆಲ್ಲ ಬಿಡದವನು ನನ್ನ ಶಿಷ್ಯನಾಗಲಾರ ಎನ್ನುತ್ತದೆ ಅದು. ಕೂತು ಲೆಕ್ಕ ಹಾಕು ಎಂದವರೇ ಕೊನೆಗೆ ಇರುವುದನ್ನೆಲ್ಲ ಬಿಡು ಎನ್ನುತ್ತಾರೆ. ಓದುವವನಿಗೆ ನಿದ್ದೆ ಕೆಡಬೇಕಾದ ಜಾಗ ಅದು. ನೀವು ಅದರ ಹತ್ತಿರವೂ ಹೋಗಲಿಲ್ಲ.

ಈ ತಪ್ಪು ನನಗೆ ಚೆನ್ನಾಗಿ ಗೊತ್ತು. ಶಿವಮೊಗ್ಗದಲ್ಲಿ ಇನ್ನೂ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ, ನೂರು ಕುರಿಗಳಲ್ಲಿ ತಪ್ಪಿಹೋದ ಒಂದು ಕುರಿಯ ಸಾಮತಿಯ ಮೇಲೆ ನನ್ನ ಮೊದಲ ಲೇಖನ ಬರೆದೆ. ನಮ್ಮಜ್ಜನ ಮನೆಯಲ್ಲಿ ಸಂಜೆ ಬ್ಯಾಣದಿಂದ (ಹುಲ್ಲುಗಾವಲಿನಿಂದ) ದನ ಹೊಡೆದುಕೊಂಡು ಬಂದು, ಕೊಟ್ಟಿಗೆಯ ಅಗಳಿ ಹಾಕುವ ತನಕ ಯಾರಿಗೂ ಸಮಾಧಾನ ಇರುತ್ತಿರಲಿಲ್ಲ. ಅದಕ್ಕೇ ಕುರುಬ ತೊಂಬತ್ತೊಂಬತ್ತು ಕುರಿಗಳನ್ನು ದೊಡ್ಡಿಗೆ ಸೇರಿಸಿ, ಬಾಗಿಲು ಭದ್ರ ಮಾಡಿ, ಆಮೇಲೆ ಹುಡುಕಲು ಹೋದ ಎಂದು ಬರೆದಿದ್ದೆ. ನನ್ನ ಸಂಪಾದಕರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಕೇಳಿದರು: 'ಈ ದೊಡ್ಡಿ ಕಟ್ಟಿಸಿದ್ದು ಲೂಕನೋ, ನೀನೋ?' ನಾನು ಬೈಬಲ್ ತೆಗೆದು ನೋಡಿದೆ. ಬಯಲು ಕಾಡಿನಲ್ಲಿ ಬಿಟ್ಟುಹೋದ ಎಂದಿತ್ತು. ನನಗೆ ಹೆದರಿಕೆಯಾದ ಕಡೆ ನಾನೇ ಒಂದು ಬಾಗಿಲು ಮಾಡಿಕೊಂಡಿದ್ದೆ. ಆವತ್ತು ಅತ್ತುಬಿಟ್ಟೆ.

ಹೀಗೆ ಮಾಡಿ. 25ರಿಂದ 33ರ ತನಕ ಕೈಯಲ್ಲಿ ಬರೆದುಕೊಳ್ಳಿ. ತೀರ್ಥಹಳ್ಳಿ ದಾರಿಯ ಮನೆ ಹಾಗೇ ಇರಲಿ, ಸಿಮೆಂಟಿನ ಸಾಲು ಹೊಡೆದುಹಾಕಿ. 33ನ್ನು ಓದಿ ನಿಮಗೆ ಏನನ್ನಿಸಿತೋ, ಹೆದರಿಕೆಯಾದರೂ ಸರಿ, ಅದನ್ನೇ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.