ಮಗನಿಗೆ ಶೂ ಕೊಡಿಸಿದಿರಿ, ನಿಮಗೆ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ನಾನೂ ನನ್ನ ಹೆಂಡತಿಯೂ ದಪ್ಪ. ಒಂಬತ್ತು ವರ್ಷದ ಮಗನನ್ನು ಬ್ಯಾಡ್ಮಿಂಟನ್ ತರಬೇತಿಗೆ ಸೇರಿಸಿ ಶೂ, ರ‍್ಯಾಕೆಟ್ ಕೊಡಿಸಿದರೂ ಅವನು ಸೋಫಾ ಬಿಟ್ಟು ಏಳುವುದಿಲ್ಲ. ಬೀಜದಂತೆ ವೃಕ್ಷ ಎಂದು ಕೈಚೆಲ್ಲಬೇಕೆ?"

ನಿಮ್ಮ ಗಾದೆಯಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಡೆನ್ಮಾರ್ಕಿನಲ್ಲಿ ದತ್ತು ಹೋಗಿ ಬೆಳೆದ 540 ಮಂದಿಯನ್ನು ಕುರಿತು 1986ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವರ ಮೈಕಟ್ಟು ಸಾಕಿದವರಿಗಿಂತ ಹೆತ್ತವರನ್ನೇ ಹೋಲುತ್ತಿತ್ತು. ಆದರೆ ಸ್ವಾಮಿ, ತೂಕ ರಕ್ತದಲ್ಲಿ ಬಂದಿರಬಹುದು. ಸೋಫಾ ಬಂದದ್ದು ಅಂಗಡಿಯಿಂದ.

ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ ನಾಲ್ಕರಿಂದ ಏಳು ವರ್ಷದ 100 ಮಕ್ಕಳಿಗೂ ಅವರ ತಂದೆ-ತಾಯಿಗಳಿಗೂ ಚಲನೆ ಅಳೆಯುವ ಪುಟ್ಟ ಯಂತ್ರ ಕಟ್ಟಿ ನೋಡಿದರು. 1991ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಾಯಿ ಚಟುವಟಿಕೆಯಿಂದಿದ್ದರೆ ಮಗುವೂ ಹಾಗಿರುವ ಸಂಭವ 2 ಪಟ್ಟು, ತಂದೆ ಹಾಗಿದ್ದರೆ 3.5 ಪಟ್ಟು, ಇಬ್ಬರೂ ಹಾಗಿದ್ದರೆ 5.8 ಪಟ್ಟು. ತಂದೆಯ ಅಂಕಿಯನ್ನು ದಯವಿಟ್ಟು ಇನ್ನೊಮ್ಮೆ ಓದಿಕೊಳ್ಳಿ. ನಿಮ್ಮ ಎರಡು ಪುಟದ ಪತ್ರದಲ್ಲಿ ಮಗನ ಶೂ, ಶುಲ್ಕಗಳ ಲೆಕ್ಕವೆಲ್ಲ ಇದೆ, ನೀವು ನಡೆದ ಒಂದು ಹೆಜ್ಜೆಯ ಲೆಕ್ಕವೂ ಇಲ್ಲ. ತರಬೇತಿ ಕೇಂದ್ರ ಮನೆಯಿಂದ ಅರ್ಧ ಕಿಲೋಮೀಟರ್ ಎಂದು ಬರೆದ ನೀವೇ, ಅವನನ್ನು ಕಾರಿನಲ್ಲಿ ಬಿಟ್ಟು, ಆಟ ಮುಗಿಯುವವರೆಗೆ ಅಲ್ಲೇ ಕುಳಿತು ಮೊಬೈಲ್ ನೋಡುತ್ತೇನೆಂದೂ ಬರೆದಿದ್ದೀರಿ.

ನನ್ನ ತಂದೆ ವ್ಯಾಯಾಮವೆಂಬ ಮಾತನ್ನೇ ಆಡಿದವರಲ್ಲ. ಬಾವಿಯಿಂದ ನೀರು ಸೇದುವಾಗ ಹಗ್ಗದ ತುದಿಯನ್ನು ನನ್ನ ಕೈಗೂ ಕೊಡುತ್ತಿದ್ದರು. ಸಂತೆಗೆ ನಡೆಯುವಾಗ ಅವರ ಹೆಜ್ಜೆಗೆ ಸಮನಾಗಲು ನಾನು ಎರಡು ಮೈಲಿಯೂ ಓಡುತ್ತಲೇ ಇರಬೇಕಾಗಿತ್ತು. ಮೈಸೂರಿನ ಗರಡಿಗಳಲ್ಲಿಯೂ ಅಪ್ಪ ಕುಸ್ತಿಯ ಅಖಾಡಕ್ಕೆ ಇಳಿದದ್ದನ್ನು ಕಂಡೇ ಎಷ್ಟೋ ಹುಡುಗರು ಇಳಿದರು.

ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ನಿಮಿಷಗಳನ್ನು ಮಕ್ಕಳು ಎಲ್ಲಿಂದ ತರಬೇಕು? ಪರೀಕ್ಷೆ ಹತ್ತಿರವಾದಂತೆ ಪಿಟಿ ಪೀರಿಯಡ್ಡನ್ನು ಗಣಿತ ನುಂಗುತ್ತದೆ, ಉದ್ಯಾನದಲ್ಲಿ ಚೆಂಡಾಟ ನಿಷೇಧದ ಫಲಕವಿದೆ, ಲಗೋರಿ ಆಡುತ್ತಿದ್ದ ಖಾಲಿ ಸೈಟಿನಲ್ಲಿ ಕಾರುಗಳು ನಿಂತಿವೆ. ಇದನ್ನೆಲ್ಲ ಪ್ರಶ್ನಿಸಬೇಕಾದ ನಾವು ಪೋಷಕರ ಸಭೆಯಲ್ಲಿ ಅಂಕಗಳನ್ನಷ್ಟೇ ವಿಚಾರಿಸಿ ಎದ್ದು ಬರುತ್ತೇವೆ.

ನಿಮ್ಮ ಮಗನ ಶಾಲೆಯಲ್ಲಿ ವಾರಕ್ಕೆ ಎಷ್ಟು ಆಟದ ಪೀರಿಯಡ್ಡುಗಳಿವೆ, ಅವುಗಳಲ್ಲಿ ಎಷ್ಟು ನಿಜವಾಗಿ ನಡೆಯುತ್ತವೆ ಎಂದು ಅವನನ್ನೇ ಕೇಳಿ ನನಗೆ ಬರೆಯಿರಿ. ಆ ಅರ್ಧ ಕಿಲೋಮೀಟರ್ ದಾರಿಯಲ್ಲಿ ಜೊತೆಗೆ ನಡೆಯುತ್ತ ಕೇಳಿದರೆ ಸರಿಯಾಗಿ ಹೇಳಿಯಾನು.