ಅಣು ಸುರಕ್ಷತೆಯ ನಿಯಮಕ್ಕೆ ಜನರ ಆಕ್ಷೇಪಣೆ

ಪ್ರಶ್ನೆ: ಅಮೆರಿಕದಲ್ಲಿ ಪರಮಾಣು ಸುರಕ್ಷತೆಯ ನಿಯಮ ರೂಪಿಸುವ ಮುನ್ನ ಜನರ ಅಭಿಪ್ರಾಯ ಕೇಳುತ್ತಾರಂತೆ. ಬಹುಮಂದಿ ವಿರೋಧಿಸಿದರೆ ನಿಯಮ ಬಿದ್ದುಹೋಗುತ್ತದೆಯೇ?
— ಓದುಗರೊಬ್ಬರು, ಕಾರವಾರ

ಉತ್ತರ: ಇಲ್ಲ, ಅದು ಮತದಾನವಲ್ಲ. 1946ರ ಆಡಳಿತ ಕಾರ್ಯವಿಧಾನ ಕಾಯ್ದೆಗೆ ಅನುಗುಣವಾಗಿ ಅಲ್ಲಿನ ಪರಮಾಣು ನಿಯಂತ್ರಣ ಆಯೋಗವು ಕರಡು ನಿಯಮವನ್ನು ರಾಜಪತ್ರದಲ್ಲಿ ಪ್ರಕಟಿಸಿ, ಸಾಮಾನ್ಯವಾಗಿ 75 ದಿನಗಳ ಕಾಲಾವಕಾಶ ಕೊಟ್ಟು, ಬಂದ ಮುಖ್ಯ ಆಕ್ಷೇಪಣೆಗಳಿಗೆ ಅಂತಿಮ ನಿಯಮದ ಜೊತೆಗೇ ಕಾರಣಸಹಿತ ಉತ್ತರ ನೀಡಬೇಕಾಗುತ್ತದೆ. ಮುಖ್ಯವಾದ ಆಕ್ಷೇಪಣೆಗೆ ಉತ್ತರಿಸದೆ ಜಾರಿಕೊಂಡರೆ ನ್ಯಾಯಾಲಯವು ನಿಯಮವನ್ನೇ ರದ್ದುಪಡಿಸಬಹುದು. ಆದ್ದರಿಂದ ಒಂದೇ ಒಕ್ಕಣೆಯ ಸಾವಿರ ಪತ್ರಗಳಿಗಿಂತ, ಕರಡಿನ ಯಾವ ಕಲಂನಲ್ಲಿ ಯಾವ ಲೆಕ್ಕ ತಪ್ಪಿದೆ ಎಂದು ಆಧಾರಸಹಿತ ತೋರಿಸುವ ಅರ್ಧ ಪುಟಕ್ಕೆ ಬೆಲೆ ಹೆಚ್ಚು.

ನಿಯಮ ಬದಲಿಸಿ ಎಂದು ಯಾರು ಬೇಕಾದರೂ ಅರ್ಜಿ ಹಾಕಬಹುದು. ವಿಕಿರಣ ಎಷ್ಟೇ ಅಲ್ಪವಾಗಿದ್ದರೂ ಅದಕ್ಕೆ ತಕ್ಕಷ್ಟು ಕ್ಯಾನ್ಸರ್ ಅಪಾಯ ಇದ್ದೇ ಇರುತ್ತದೆ ಎಂಬ ತತ್ತ್ವವನ್ನು ಕೈಬಿಡಬೇಕೆಂದು ಕೋರಿದ ಮೂರು ಅರ್ಜಿಗಳ ಮೇಲೆ ಆಯೋಗವು 2015ರಲ್ಲಿ ಅಭಿಪ್ರಾಯ ಕೇಳಿ, ಗಡುವನ್ನು ನವೆಂಬರ್‌ವರೆಗೆ ವಿಸ್ತರಿಸಿತು; 3,200ಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. ಹಳೆಯ ತತ್ತ್ವವನ್ನು ಬಿಡಲು ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲವೆಂದು ಅರ್ಜಿಗಳನ್ನು ತಿರಸ್ಕರಿಸಿದ್ದು 2021ರಲ್ಲಿ. ಕಾರಣ ವಿವರಿಸಿದ್ದು ಸರಿಯೇ, ಆದರೆ ಆರು ವರ್ಷ ಕಾಯಿಸಿದ್ದು ಅತಿಯಾಯಿತೆಂದೇ ನನ್ನ ಅಭಿಪ್ರಾಯ.

ನಿಮ್ಮ ಜಿಲ್ಲೆಯ ಕೈಗಾದಲ್ಲಿ 5 ಮತ್ತು 6ನೇ ಘಟಕಗಳಿಗಾಗಿ 2018ರಲ್ಲಿ ನಡೆದ ಅಹವಾಲು ಸಭೆ ಇದಕ್ಕಿಂತ ಭಿನ್ನ. ಅದು ಒಂದು ಯೋಜನೆಯ ಪರಿಸರ ಪರಿಣಾಮವನ್ನು ಕುರಿತದ್ದೇ ಹೊರತು ಎಲ್ಲ ಸ್ಥಾವರಗಳಿಗೂ ಅನ್ವಯಿಸುವ ಸುರಕ್ಷತಾ ನಿಯಮವನ್ನು ಕುರಿತದ್ದಲ್ಲ.